ಯುಸಿ ವರ್ಗಾವಣೆ ಅರ್ಜಿಯನ್ನು ಬಲಪಡಿಸುವುದು ಹೇಗೆ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಓದಿ, ಮೂರನೇ ವರ್ಷಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ (ಯುಸಿ) ಸೇರಬಹುದು. ಶುಲ್ಕದಲ್ಲಿ ಉಳಿತಾಯವಾಗುವುದರಿಂದ ಅಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳ ಮಕ್ಕಳಿಗೂ ಈ ದಾರಿ ಅನುಕೂಲಕರ.

ಕನಿಷ್ಠ ಅರ್ಹತೆ 60 ಸೆಮಿಸ್ಟರ್ ಯುನಿಟ್. ಜಿಪಿಎ ರಾಜ್ಯದ ನಿವಾಸಿಗಳಿಗೆ 2.4, ಹೊರಗಿನವರಿಗೆ 2.8. ಬರ್ಕ್ಲಿ, ಲಾಸ್ ಏಂಜಲೀಸ್‌ನ ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್‌ಗೆ ಇಷ್ಟು ಏನೇನೂ ಸಾಲದು.

ಅಲ್ಲಿ ಮುಖ್ಯವಾಗಿ ನೋಡುವುದು ಆಯ್ದ ವಿಷಯದ ಪೂರ್ವಸಿದ್ಧತೆಯನ್ನು. ಕ್ಯಾಲ್ಕುಲಸ್, ಭೌತಶಾಸ್ತ್ರದ ಕೋರ್ಸ್‌ಗಳು ಒಂದು ಮುಗಿದ ಮೇಲೆಯೇ ಇನ್ನೊಂದು. ಮೊದಲ ಸೆಮಿಸ್ಟರ್‌ನಲ್ಲಿ ಬಿಟ್ಟರೆ ಎರಡು ವರ್ಷದಲ್ಲಿ ಸರಣಿ ಮುಗಿಯುವುದು ಕಷ್ಟ. ಯಾವ ಕಾಲೇಜಿನ ಯಾವ ಕೋರ್ಸ್ ಯುಸಿಯಲ್ಲಿ ಯಾವುದಕ್ಕೆ ಸಮ ಎಂಬುದನ್ನು ‘ಅಸಿಸ್ಟ್’ ಜಾಲತಾಣದಲ್ಲಿ ನೋಡಿಯೇ ಕೋರ್ಸ್ ಆರಿಸಿಕೊಳ್ಳಬೇಕು.

ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಕ್ಯಾಂಪಸ್‌ಗಳಲ್ಲಿ ಷರತ್ತು ಪೂರೈಸಿದವರಿಗೆ ಪ್ರವೇಶ ಖಾತರಿಯ ‘ಟ್ಯಾಗ್’ ಯೋಜನೆಯಿದೆ. ಇವುಗಳಲ್ಲಿ ಒಂದಕ್ಕೆ ಮಾತ್ರ, ಸೆಪ್ಟೆಂಬರ್ 1ರಿಂದ 30ರೊಳಗೆ ಅರ್ಜಿ ಹಾಕಬೇಕು. ಎಲ್ಲ ವಿಭಾಗಗಳೂ ಇದರಲ್ಲಿ ಸೇರಿಲ್ಲ. ಆಶಿಸಿದ ಕ್ಯಾಂಪಸ್ ಬೇರೆಯಾದರೂ ಟ್ಯಾಗ್ ಕೈಯಲ್ಲಿದ್ದರೆ ಎರಡು ವರ್ಷದ ಶ್ರಮ ವ್ಯರ್ಥವಾಗದು.

ಸಾಮಾನ್ಯ ಅರ್ಜಿ ಸಲ್ಲಿಕೆ ಅಕ್ಟೋಬರ್‌ನಿಂದ. ಅದರಲ್ಲಿ ನಾಲ್ಕು ಪ್ರಶ್ನೆಗಳಿಗೆ ತಲಾ 350 ಪದ ಮೀರದ ಉತ್ತರ ಬರೆಯಬೇಕು. ಆಯ್ದ ವಿಷಯಕ್ಕೆ ಹೇಗೆ ಸಿದ್ಧರಾಗಿದ್ದೀರಿ ಎಂಬುದು ಕಡ್ಡಾಯ ಪ್ರಶ್ನೆ. ಇಲ್ಲಿ ‘ಚಿಕ್ಕಂದಿನಿಂದ ಆಸಕ್ತಿ’ ಎನ್ನುವುದಕ್ಕಿಂತ ಮಾಡಿದ ಪ್ರಾಜೆಕ್ಟ್, ಪಾಠ ಹೇಳಿಕೊಟ್ಟ ಅನುಭವ, ಮನೆ ಖರ್ಚಿಗಾಗಿ ದುಡಿದ ಗಂಟೆಗಳನ್ನು ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು.

ಜನವರಿಯಲ್ಲಿ ಹೊಸ ಅಂಕಗಳನ್ನು ನಮೂದಿಸಲು ಮರೆಯಬಾರದು. ತಿಳಿಸದೆ ಕೋರ್ಸ್ ಕೈಬಿಟ್ಟರೆ ಸಿಕ್ಕ ಸೀಟೂ ರದ್ದಾಗಬಹುದು. ಆದ್ದರಿಂದ ಪೋಷಕರು ಮಕ್ಕಳನ್ನು ಮೊದಲ ಸೆಮಿಸ್ಟರ್‌ನಲ್ಲೇ ಕಾಲೇಜಿನ ವರ್ಗಾವಣೆ ಸಲಹೆಗಾರರ ಬಳಿ ಕಳುಹಿಸಬೇಕು.