ಬೆರಳಿನ ಓದು: ಬ್ರೈಲ್ ಲಿಪಿಯ ಉಗಮ ಮತ್ತು ಬಳಕೆ

ಲಿಪಿಯೆಂದರೆ ಕಣ್ಣಿಗೆ ಕಾಣುವ ಗುರುತೆಂದು ಎಣಿಸುವುದು ವಾಡಿಕೆ. ಆದರೆ ಭಾಷೆಯ ಧ್ವನಿಗಳನ್ನು ಕ್ರಮವಾಗಿ ನಿರ್ದೇಶಿಸುವ ಯಾವ ಚಿಹ್ನಾವ್ಯವಸ್ಥೆಯಾದರೂ ಲಿಪಿಯೇ ಸರಿ. ಅದು ಕಣ್ಣಿಗೇ ಗೋಚರವಾಗಬೇಕೆಂಬ ನಿಯಮವಿಲ್ಲ. ಅಂಧರ ವಿದ್ಯಾಭ್ಯಾಸಕ್ಕೆ ಆಧಾರವಾದ ಈ ತತ್ತ್ವವನ್ನು ಪ್ರಯೋಗದಿಂದ ಸಿದ್ಧಪಡಿಸಿದವನು ಒಬ್ಬ ಅಂಧ ಬಾಲಕ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸಿನಲ್ಲಿ ಅಂಧರ ಶಾಲೆಯನ್ನು ಸ್ಥಾಪಿಸಿದ ವ್ಯಾಲೆಂಟಿನ್ ಆವೀ, ದಪ್ಪ ಕಾಗದದ ಮೇಲೆ ರೋಮನ್ ಅಕ್ಷರಗಳನ್ನೇ ಉಬ್ಬಾಗಿ ಅಚ್ಚು ಮಾಡಿಸಿದನು. ಉದ್ದೇಶ ಉದಾತ್ತವಾದುದೇ. ಆದರೆ ಕಣ್ಣಿಗಾಗಿ ರೂಪುಗೊಂಡ ಆ ಅಕ್ಷರಗಳ ತಿರುವುಗಳನ್ನು ಬೆರಳು ಒಂದೊಂದಾಗಿ ತಡವಿ ಗುರುತಿಸಬೇಕಾಗಿತ್ತು. ಓದು ನಿಧಾನ, ಪುಸ್ತಕ ಭಾರ. ಅದಕ್ಕಿಂತ ಮುಖ್ಯವಾಗಿ, ಹಾಗೆ ಓದಿದವನು ತನ್ನ ಕೈಯಿಂದ ಅದನ್ನು ಸುಲಭವಾಗಿ ಬರೆಯಲಾರನು.

ಲೂಯಿ ಬ್ರೈಲ್ 1809ರಲ್ಲಿ ಫ್ರಾನ್ಸಿನ ಕೂಪ್‌ವ್ರೇ ಗ್ರಾಮದಲ್ಲಿ ಹುಟ್ಟಿದನು. ತಂದೆ ಕುದುರೆಯ ಜೀನು, ಲಗಾಮುಗಳನ್ನು ತಯಾರಿಸುತ್ತಿದ್ದನು. ಮೂರರ ವಯಸ್ಸಿನಲ್ಲಿ ಚರ್ಮ ಚುಚ್ಚುವ ಸಲಕರಣೆ ಕಣ್ಣಿಗೆ ತಗುಲಿ, ಕಾಲಕ್ರಮದಲ್ಲಿ ಬಾಲಕನ ಎರಡು ಕಣ್ಣುಗಳೂ ಹೋದುವು. 1819ರಲ್ಲಿ ಆತನು ಪ್ಯಾರಿಸಿನ ಆ ಶಾಲೆಯನ್ನು ಸೇರಿದನು. ಸೈನ್ಯದಲ್ಲಿದ್ದ ಷಾರ್ಲ್ ಬಾರ್ಬಿಯೇ ರಚಿಸಿದ್ದ ಚುಕ್ಕೆಗಳ ಬರಹ ಅಲ್ಲಿ ಆತನ ಪರಿಚಯಕ್ಕೆ ಬಂದಿತು. ಅದರ ಒಂದೊಂದು ಗುರುತಿಗೆ ಹನ್ನೆರಡು ಚುಕ್ಕೆಗಳವರೆಗೆ ಬೇಕಾಗುತ್ತಿದ್ದುವು. ಅವು ಬೆರಳ ತುದಿಯನ್ನು ಮೀರುತ್ತಿದ್ದುವು. ಕಾಗುಣಿತಕ್ಕೂ ವಿರಾಮಚಿಹ್ನೆಗಳಿಗೂ ಅದರಲ್ಲಿ ಅವಕಾಶವಿರಲಿಲ್ಲ.

ಬ್ರೈಲನು ಚುಕ್ಕೆಗಳನ್ನು ಆರಕ್ಕೆ ಇಳಿಸಿ, ಮೂರರಂತೆ ಎರಡು ಕಂಬಗಳಲ್ಲಿ ನಿಲ್ಲಿಸಿದನು. ಇಷ್ಟನ್ನು ಬೆರಳ ತುದಿ ಒಂದೇ ಸ್ಪರ್ಶಕ್ಕೆ ಗ್ರಹಿಸಬಲ್ಲದು. ಈ ಆರರಿಂದ 63 ಗುರುತುಗಳು ಹುಟ್ಟುತ್ತವೆ. ಅಕ್ಷರ, ಅಂಕಿ, ಸಂಗೀತದ ಸ್ವರ ಎಲ್ಲವೂ ಅದರಲ್ಲಿ ಅಡಕ. 1824ರಲ್ಲಿ, ಹದಿನೈದರ ವಯಸ್ಸಿಗೆ, ಲಿಪಿಯ ಸ್ಥೂಲರೂಪ ಸಿದ್ಧವಾಯಿತು, 1829ರಲ್ಲಿ ಪ್ರಕಟವಾಯಿತು. ಮೊದಲಿಗೆ ಚುಕ್ಕೆಗಳೊಡನೆ ಗೀಟುಗಳೂ ಇದ್ದುವು; 1837ರ ಆವೃತ್ತಿಯಲ್ಲಿ ಅವನ್ನು ಕೈಬಿಡಲಾಯಿತು. ಅಂಧರಿಗೆ ಬೇರೆ ಲಿಪಿಯಾದರೆ ಅವರಿಗೂ ದೃಷ್ಟಿವಂತರಿಗೂ ನಡುವೆ ಗೋಡೆ ಏಳುವುದೆಂಬ ಆಕ್ಷೇಪವೂ ಇತ್ತು. ಬ್ರೈಲನು ತೀರಿಕೊಂಡದ್ದು 1852ರಲ್ಲಿ. ಆತನ ಶಾಲೆಯೇ ಈ ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಿದ್ದು 1854ರಲ್ಲಿ.

ಬರೆಯುವ ಕ್ರಮ ಸರಳವಾದುದು. ಚೌಕಟ್ಟಿನಲ್ಲಿ ದಪ್ಪ ಕಾಗದವನ್ನು ಸಿಕ್ಕಿಸಿ, ಮೊನೆಯುಳ್ಳ ಕಡ್ಡಿಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತಾರೆ. ಓಲೆಗರಿಯ ಮೇಲೆ ಬರೆಯುತ್ತಿದ್ದ ಕಂಟವನ್ನು ಇದು ನೆನಪಿಗೆ ತರುತ್ತದೆ. ಕಾಗದವನ್ನು ಮಗುಚಿದರೆ ಚುಕ್ಕೆಗಳು ಮೇಲೆದ್ದು, ಎಡದಿಂದ ಬಲಕ್ಕೆ ಓದಲು ಒದಗುತ್ತವೆ. ಆರು ಕೀಲಿಗಳ ಬೆರಳಚ್ಚು ಯಂತ್ರವೂ ಬಳಕೆಯಲ್ಲಿದೆ. ಪಾಠದ ಟಿಪ್ಪಣಿ, ಮನೆಯ ಲೆಕ್ಕ, ಗೆಳೆಯನಿಗೊಂದು ಕಾಗದ: ಇವನ್ನು ಅನ್ಯರ ನೆರವಿಲ್ಲದೆ ಬರೆದು ತಾನೇ ಮತ್ತೆ ಓದಿಕೊಳ್ಳುವ ಸ್ವಾತಂತ್ರ್ಯ ಅಂಧರಿಗೆ ದೊರೆತದ್ದು ಇದರಿಂದಲೇ.

ಭಾರತದಲ್ಲಿ ಮೊದಲು ಹಲವು ಬ್ರೈಲ್ ಪದ್ಧತಿಗಳಿದ್ದುವು. 1951ರ ಹೊತ್ತಿಗೆ ಎಲ್ಲ ಭಾಷೆಗಳಿಗೂ ಸಾಮಾನ್ಯವಾದ ಭಾರತೀ ಬ್ರೈಲ್ ರೂಪುಗೊಂಡಿತು. ಅದರಲ್ಲಿ ಚಿಹ್ನೆ ಧ್ವನಿಯನ್ನು ಅನುಸರಿಸುತ್ತದೆ. ಕನ್ನಡದ ಕಕಾರಕ್ಕೂ ಹಿಂದಿಯ ಕಕಾರಕ್ಕೂ ಗುರುತು ಒಂದೇ. ಕೊಂಬು, ಗುಡಿಸು, ಒತ್ತುಗಳನ್ನು ಮೇಲೆ ಕೆಳಗೆ ಸೇರಿಸುವ ನಮ್ಮ ಬರಹ ಇಲ್ಲಿ ಒಂದೇ ಸಾಲಾಗಿ ಹರಿಯುತ್ತದೆ. ‘ಕಿ’ ಎಂಬುದನ್ನು ಕಕಾರದ ನಂತರ ಇಕಾರವಿಟ್ಟು ಬರೆಯುತ್ತಾರೆ. ‘ಕನ್ನಡ’ ಎಂಬುದು ಕಣ್ಣಿಗೆ ಮೂರು ಅಕ್ಷರ. ಬೆರಳಿಗೆ ಐದು ಗುರುತು: ಕ, ಸ್ವರಲೋಪದ ಚಿಹ್ನೆ, ನ, ನ, ಡ. ಒತ್ತಕ್ಷರದ ರಚನೆಯನ್ನು ಬೆರಳು ಬಿಡಿಬಿಡಿಯಾಗಿ ಅರಿಯುತ್ತದೆ.

ಈಗ ಗಣಕಯಂತ್ರವು ಪುಟವನ್ನು ಓದಿ ಹೇಳುತ್ತದೆ. ಆದುದರಿಂದ ಬ್ರೈಲ್ ಅನಾವಶ್ಯಕವೆಂಬ ಅಭಿಪ್ರಾಯ ಕೇಳಿಬರುವುದುಂಟು. ಆದರೆ ಆಲಿಸುವುದು ಬೇರೆ, ಓದುವುದು ಬೇರೆ. ಶಕಾರ ಷಕಾರಗಳ ಭೇದ, ವಾಕ್ಯದ ವಿರಾಮ, ಗಣಿತದ ಸೂತ್ರದ ವಿನ್ಯಾಸ ಇವು ಕಿವಿಗೆ ಸ್ಪಷ್ಟವಾಗಿ ನಿಲುಕುವುದಿಲ್ಲ. ಗಣಕಯಂತ್ರಕ್ಕೇ ಜೋಡಿಸಿ, ಚುಕ್ಕೆಗಳು ಎದ್ದು ಇಳಿಯುವ ಫಲಕದ ಮೇಲೆ ಬ್ರೈಲ್ ಓದುವ ಸಾಧನವೂ ಇಂದು ಉಂಟು. ಅಂಧ ವಿದ್ಯಾರ್ಥಿಗೆ ಪಾಠವನ್ನು ಕೇಳಿಸಿ ತೃಪ್ತರಾಗುವ ಅಧ್ಯಾಪಕರು, ಆತನು ತಾನಾಗಿ ಓದಿ ತಿದ್ದಿಕೊಳ್ಳಬಲ್ಲ ಪುಟವೊಂದು ಆತನ ಕೈಗೆ ಸೇರಿದೆಯೇ ಎಂಬುದನ್ನೂ ವಿಚಾರಿಸುವುದು ಯುಕ್ತ.