ಬಿಸಿಲು ಎಲ್ಲರದು, ನೆಲ ಯಾರದು?

ವಿಸ್ತೀರ್ಣದಲ್ಲಿ ಜಗತ್ತಿನ ಅತಿ ಚಿಕ್ಕ ರಾಷ್ಟ್ರವಾದ ವ್ಯಾಟಿಕನ್ ತನಗೆ ಬೇಕಾದ ವಿದ್ಯುತ್ತನ್ನೆಲ್ಲ ಸೂರ್ಯನಿಂದಲೇ ಪಡೆಯಲು ಸಂಕಲ್ಪಿಸಿದೆ. 2008ರಲ್ಲಿಯೇ ಅಲ್ಲಿನ ಆರನೆಯ ಪೌಲರ ಸಭಾಂಗಣದ ಚಾವಣಿಗೆ ಸುಮಾರು 2,400 ಸೌರಫಲಕಗಳನ್ನು ಹೊದಿಸಲಾಯಿತು. 2024ರ ಜೂನ್ 21ರಂದು ಪೋಪ್ ಫ್ರಾನ್ಸಿಸರು ‘ಸೋದರ ಸೂರ್ಯ’ ಎಂಬ ಹೆಸರಿನ ಆಜ್ಞಾಪತ್ರ ಹೊರಡಿಸಿ, ರೋಮ್ ನಗರದ ಹೊರಗಿನ ಸಾಂತಾ ಮಾರಿಯಾ ದಿ ಗಲೇರಿಯಾ ಎಂಬಲ್ಲಿ ಸೌರಸ್ಥಾವರ ನಿರ್ಮಿಸಲು ಅಪ್ಪಣೆಯಿತ್ತರು. ಅವರ ಉತ್ತರಾಧಿಕಾರಿ ಪೋಪ್ ಹದಿನಾಲ್ಕನೆಯ ಲಿಯೋ ಅವರ ಕಾಲದಲ್ಲಿ, 2025ರ ಜುಲೈ 31ರಂದು, ಇಟಲಿ ದೇಶದೊಡನೆ ಒಪ್ಪಂದವೂ ಆಯಿತು. ಈ ಯೋಜನೆಯಲ್ಲಿ ಒಂದು ವಿಶೇಷವಿದೆ. ಫಲಕಗಳು ಬಂದರೂ ಆ ನೆಲದಲ್ಲಿ ಬೇಸಾಯ ನಿಲ್ಲಬಾರದೆಂಬುದೇ ಆ ವಿಶೇಷ. ಇದನ್ನು ನೆನಪಿನಲ್ಲಿಟ್ಟುಕೊಂಡು ನಾವು ನಮ್ಮ ನಾಡಿನ ಕಡೆಗೆ ದೃಷ್ಟಿ ಹಾಯಿಸಬೇಕಾಗಿದೆ.

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೆ ಅದು ಹೊರ ರಾಜ್ಯಗಳ ಗಣಿಗಳಿಂದ ರೈಲಿನಲ್ಲಿ ಬರಬೇಕು. ಬಾರದಿದ್ದರೆ ಘಟಕ ನಿಲ್ಲುತ್ತದೆ. ಬಂದರೆ ಹೊಗೆಯೂ ಬೂದಿಯೂ ಸುತ್ತಲಿನ ಜನರ ಪಾಲಾಗುತ್ತವೆ. ಬಿಸಿಲಿಗಾಗಲಿ ಗಾಳಿಗಾಗಲಿ ಈ ದೋಷವಿಲ್ಲ. ಸ್ಥಾವರ ಕಟ್ಟುವ ವೆಚ್ಚ ತೀರಿದ ಮೇಲೆ ಇಂಧನಕ್ಕೆಂದು ಬಿಡಿಗಾಸೂ ಬೇಡ. ಈ ದಾರಿ ನಮಗೆ ಹೊಸದೂ ಅಲ್ಲ. 1902ರಲ್ಲಿಯೇ ಶಿವನಸಮುದ್ರದ ಜಲಶಕ್ತಿಯಿಂದ ಕೋಲಾರದ ಚಿನ್ನದ ಗಣಿಗಳು ನಡೆದುವು. ಮೂರು ವರ್ಷಗಳ ತರುವಾಯ ಬೆಂಗಳೂರಿನ ಬೀದಿಗಳು ಬೆಳಗಿದುವು.

ಹಾಗಿದ್ದಲ್ಲಿ ಕಲ್ಲಿದ್ದಲನ್ನು ಸಂಪೂರ್ಣವಾಗಿ ತ್ಯಜಿಸಲು ಅಡ್ಡಿಯೇನು? ಮೊದಲನೆಯದಾಗಿ, ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಮಳೆಗಾಲದಲ್ಲಿ ಮೋಡ ಕವಿದಾಗ ಚಿತ್ರದುರ್ಗ, ಗದಗ ಜಿಲ್ಲೆಗಳ ಗಾಳಿಯಂತ್ರಗಳು ಜೋರಾಗಿ ತಿರುಗಿ ನೆರವಿಗೆ ಬರುತ್ತವೆ, ನಿಜ. ಆದರೆ ಪ್ರಕೃತಿ ಯಾವಾಗಲೂ ನಮ್ಮ ಲೆಕ್ಕಾಚಾರದಂತೆ ನಡೆಯುವುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ಬರಿದಾದಾಗ ನಾಡು ವಿದ್ಯುತ್ ಕೊರತೆಯಿಂದ ತತ್ತರಿಸಿದ್ದನ್ನು ನಾವು ಮರೆತಿಲ್ಲ.

ಆದುದರಿಂದ ಹಗಲಿನ ವಿದ್ಯುತ್ತನ್ನು ರಾತ್ರಿಗೆ ಕೂಡಿಡಬೇಕು. ಇಡೀ ರಾಜ್ಯಕ್ಕೆ ಸಾಲುವಷ್ಟು ಬ್ಯಾಟರಿಗಳನ್ನು ಇಡುವುದು ಭಾರಿ ವೆಚ್ಚದ ಮಾತು. ಇನ್ನೊಂದು ಮಾರ್ಗವೆಂದರೆ, ಹಗಲು ಮಿಕ್ಕ ವಿದ್ಯುತ್ತಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತಿ, ಸಂಜೆ ಅದನ್ನೇ ಕೆಳಕ್ಕೆ ಹರಿಸಿ ವಿದ್ಯುತ್ ಪಡೆಯುವುದು. ಶರಾವತಿ ಕಣಿವೆಯ ಗೇರುಸೊಪ್ಪ ಮತ್ತು ತಲಕಳಲೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ಗಳ ಇಂತಹ ಯೋಜನೆ ರೂಪಿಸಲಾಗಿದೆ. ಅದು ಸಿಂಗಳೀಕಗಳ ಅಭಯಾರಣ್ಯ. ಅಲ್ಲದೆ ಆ ಕಣಿವೆಯ ಜನ ನಮ್ಮ ಬೆಳಕಿಗಾಗಿ ಈಗಾಗಲೇ ಒಮ್ಮೆ ಬೆಲೆ ತೆತ್ತವರು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಮನೆ, ಗದ್ದೆ, ತೋಟ ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳು ದಶಕಗಳು ಕಳೆದರೂ ಹಕ್ಕುಪತ್ರಕ್ಕಾಗಿ ಹೋರಾಡುತ್ತಲೇ ಬಂದಿದ್ದಾರೆ.

ಎರಡನೆಯ ಪ್ರಶ್ನೆ ನೆಲದ್ದು. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನಲ್ಲಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ಗಳ ಸೌರ ಉದ್ಯಾನ ತಲೆಯೆತ್ತಿದೆ. ಸರಕಾರ ಈ ನೆಲವನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಂತೆ ಗೇಣಿಗೆ ಪಡೆಯಿತು. ಎರಡು ವರ್ಷಗಳಿಗೊಮ್ಮೆ ಶೇಕಡಾ 5ರ ಏರಿಕೆಯೂ ಉಂಟು. ಪದೇ ಪದೇ ಬರಕ್ಕೆ ತುತ್ತಾಗುವ ಸೀಮೆಯ ಭೂಮಾಲೀಕರಿಗೆ ಇದು ನಿಶ್ಚಿತ ಆದಾಯ. ಈ ವ್ಯವಸ್ಥೆ ಶ್ಲಾಘನೀಯವೇ ಸರಿ. ಆದರೆ ಅದೇ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಕೂಲಿ ಪಡೆಯುತ್ತಿದ್ದವರಿಗೆ, ಬೀಳುಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗೇಣಿಯಲ್ಲಿ ಪಾಲಿಲ್ಲ. ಪಹಣಿಯಲ್ಲಿ ಹೆಸರಿಲ್ಲದವನಿಗೆ ಪರಿಹಾರವೂ ಇಲ್ಲ. ಫಲಕಗಳನ್ನು ತೊಳೆಯುವ, ಕಾವಲು ಕಾಯುವ ಕೆಲಸ ಎಷ್ಟು ಮಂದಿಗೆ ಸಾಕಾದೀತು?

ಹೀಗೆಂದು ನಾವು ಹಳೆಯ ಹೊಗೆಗೇ ಮರಳಬೇಕೆನ್ನುವುದಿಲ್ಲ. ಬರವೂ ಅತಿವೃಷ್ಟಿಯೂ ಹೆಚ್ಚುತ್ತಿರುವಾಗ ಅವುಗಳ ಪೆಟ್ಟು ಮೊದಲು ಬೀಳುವುದು ಬಡವರ ಮೇಲೆಯೇ. ಬದಲಾವಣೆ ಅನಿವಾರ್ಯ; ಅದರ ಹೊರೆಯನ್ನು ಯಾರು ಹೊರಬೇಕೆಂಬುದೇ ಪ್ರಶ್ನೆ. ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಾಗಿ ಆಲಿಸಬೇಕೆಂದು ಪೋಪ್ ಫ್ರಾನ್ಸಿಸರು 2015ರ ತಮ್ಮ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ತಿಳಿಸಿದ್ದರು. ಫಲಕಗಳನ್ನು ಎತ್ತರಿಸಿ ಅವುಗಳ ಕೆಳಗೂ ನಡುವೆಯೂ ಬೆಳೆ ತೆಗೆಯುವ ಪದ್ಧತಿಗೆ ವೆಚ್ಚ ಹೆಚ್ಚು. ಆದರೂ ಕೂಲಿಯವನ ಕೈಗೆ ಕೆಲಸ ಉಳಿಯುತ್ತದೆ.

ನಮ್ಮ ಮಟ್ಟಿಗೆ ಮಾಡಬಹುದಾದುದೂ ಇದೆ. ಮನೆಯ ತಾರಸಿ, ಶಾಲೆಯ ಚಾವಣಿ, ಚರ್ಚಿನ ಸಭಾಭವನದ ಮಾಡು, ಇವುಗಳ ಮೇಲೆ ಫಲಕ ಹಾಕಿದರೆ ಯಾರೂ ನೆಲ ಕಳೆದುಕೊಳ್ಳುವುದಿಲ್ಲ. ಒಂದು ಕಿಲೋವಾಟ್ ಫಲಕ ಒಳ್ಳೆಯ ಬಿಸಿಲಿನ ದಿನ ಸುಮಾರು ನಾಲ್ಕು ಯೂನಿಟ್ ವಿದ್ಯುತ್ ಕೊಡುತ್ತದೆ. 2024ರಲ್ಲಿ ಆರಂಭವಾದ ಕೇಂದ್ರದ ‘ಸೂರ್ಯಘರ್’ ಯೋಜನೆಯಲ್ಲಿ ಮನೆಯೊಂದಕ್ಕೆ 78,000 ರೂಪಾಯಿಗಳವರೆಗೆ ಸಹಾಯಧನವೂ ಉಂಟು. ಇದರ ಜೊತೆಗೆ ಬೇಡದ ದೀಪವನ್ನು ಆರಿಸುವ ಅಭ್ಯಾಸವೂ ಬೆಳೆಯಲಿ. ನಾವು ಉಳಿಸಿದ ಪ್ರತಿ ಯೂನಿಟ್ಟೂ ಯಾವುದೋ ಕಣಿವೆಯ, ಯಾವುದೋ ಹೊಲದ ಮೇಲಿನ ಭಾರವನ್ನು ಅಷ್ಟರಮಟ್ಟಿಗೆ ಇಳಿಸುತ್ತದೆ.

ಅಸ್ಸಿಸಿಯ ಸಂತ ಫ್ರಾನ್ಸಿಸರು ಸೂರ್ಯನನ್ನು ಸೋದರನೆಂದು ಕರೆದರು. ಸೂರ್ಯನನ್ನೇ ಸೋದರನೆಂದು ಒಪ್ಪಿಕೊಂಡ ನಾವು, ಅವನ ಬೆಳಕನ್ನು ಹಿಡಿಯಲು ನೆಲ ತೆರವು ಮಾಡಿಕೊಟ್ಟವರನ್ನು ಪರರೆಂದು ಕಾಣಬಹುದೇ?