ಮಾರ್ಫಿನ್ ಅಂದ್ರೆ ಯಾಕಿಷ್ಟು ಭಯ?

"ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ." ಕ್ಯಾನ್ಸರ್ ವಾರ್ಡಿನ ಹೊರಗೆ ಈ ಮಾತು ಕೇಳಿಸಿಕೊಂಡ ಎಷ್ಟೋ ಮಂದಿ ನನಗೆ ಫೋನ್ ಮಾಡಿದ್ದಾರೆ. ರೋಗ ವಾಸಿಯಾಗದಿರಬಹುದು. ಆದರೆ ನೋವಿಗೆ ಮದ್ದಿದೆ ಸ್ವಾಮಿ.

ಅದು ಮಾರ್ಫಿನ್. ಹೆಸರು ಕೇಳಿದರೇ ಮನೆಯವರು ಬೆಚ್ಚಿಬೀಳ್ತಾರೆ. ಚಟ ಹತ್ತುತ್ತೆ, ಬೇಗ ಪ್ರಾಣ ಹೋಗುತ್ತೆ ಅಂತ. ವೈದ್ಯರು ನೋವಿಗೆ ತಕ್ಕಂತೆ ಅಳೆದು ಕೊಟ್ಟಾಗ ಅದು ಸಾವನ್ನು ಹತ್ತಿರ ತರೋದಿಲ್ಲ, ಚಟವಾಗೋದೂ ಅಪರೂಪ. ಸಾಧಾರಣ ಮಾತ್ರೆಯನ್ನು 4 ಗಂಟೆಗೊಮ್ಮೆ, ನೋವು ತಿರುಗಿ ಬರೋ ಮೊದಲೇ ಕೊಡಬೇಕು. ಮಲಬದ್ಧತೆ ಆಗುತ್ತೆ, ಅದಕ್ಕೂ ಜೊತೆಗೇ ಔಷಧಿ ಕೊಡ್ತಾರೆ. 1985ರ ಮಾದಕವಸ್ತು ಕಾಯ್ದೆಗೆ ಹೆದರಿ ಆಸ್ಪತ್ರೆಗಳು ಇದನ್ನು ಇಡೋದನ್ನೇ ಬಿಟ್ಟಿದ್ದವು. 2014ರಲ್ಲಿ ಸಂಸತ್ತು ತಿದ್ದುಪಡಿ ತಂದು, ಹಲವು ಲೈಸೆನ್ಸ್ ಬೇಡ, ಒಂದೇ ಸಾಕು ಅಂತು. ಕಾಯ್ದೆ ಬದಲಾಯ್ತು, ಭಯ ಹೋಗಲಿಲ್ಲ.

ಇನ್ನೊಂದು, ಮುಚ್ಚಿಡೋ ಚಾಳಿ. ಅಪ್ಪನಿಗೆ ಗೊತ್ತಾಗಬಾರದು ಅಂತಾನೆ ಮಗ. ಮಗ ಕುಸಿದುಹೋಗ್ತಾನೆ ಅಂತ ಅಪ್ಪ ಗೊತ್ತಿದ್ದೂ ಸುಮ್ಮನಿರ್ತಾರೆ. ಉಪಶಮನ ಆರೈಕೆಯವರು ಇಬ್ಬರನ್ನೂ ಕೂರಿಸಿ ಮಾತಾಡಿಸ್ತಾರೆ. ನನ್ನ ಪ್ರಕಾರ ಅದೂ ಮಾರ್ಫಿನ್‌ನಷ್ಟೇ ದೊಡ್ಡ ಔಷಧಿ.

ಬೆಂಗಳೂರಿನ ಕರುಣಾಶ್ರಯದಲ್ಲಿ ಇದಕ್ಕೆ ಒಂದು ಪೈಸೆಯೂ ತಗೊಳ್ಳೋದಿಲ್ಲ. ಕೊನೇ ವಾರದವರೆಗೆ ಕಾಯಬೇಡಿ; ಚಿಕಿತ್ಸೆ ನಡೀತಿರುವಾಗಲೇ ನಿಮ್ಮ ವೈದ್ಯರನ್ನು ಕೇಳಿ.